ಬಳುವಳಿಯ ತೊಟ್ಟಿಲು, ಅಂಗಡಿಯ ತೊಟ್ಟಿಲು

ಗೃಹೋಪಕರಣಗಳಲ್ಲಿ ತೊಟ್ಟಿಲಿನಷ್ಟು ಅಲ್ಪಕಾಲ ಬಳಕೆಯಾಗುವಂಥವು ವಿರಳ. ಒಂದು ಕೂಸು ಅದರಲ್ಲಿ ಮಲಗುವುದು ಹೆಚ್ಚೆಂದರೆ ಒಂದೆರಡು ವರ್ಷ. ಆದರೂ ಕನ್ನಡ ನಾಡಿನ ಬಡಗಿಯು ಮಂಚಕ್ಕೂ ಬಾಗಿಲುವಾಡಕ್ಕೂ ತೋರುವ ಕುಸುರಿಯನ್ನೇ ತೊಟ್ಟಿಲಿಗೂ ತೋರಿದನು. ಸಾಗುವಾನಿಯಂತಹ ದೀರ್ಘಕಾಲ ಬಾಳುವ ಮರವನ್ನು ಅದಕ್ಕಾಗಿ ಆರಿಸಿದನು. ಒಂದೆರಡು ವರ್ಷದ ಬಳಕೆಗೆ ತಲೆಮಾರುಗಳು ಬಾಳುವ ಮರವೇಕೆ? ಈ ಪ್ರಶ್ನೆಗೆ ಉತ್ತರವು ಬಡಗಿಯ ಕೌಶಲದಲ್ಲಿಲ್ಲ, ಕುಟುಂಬದ ರಚನೆಯಲ್ಲಿದೆ. ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡಿಗರು ಹೊಸ ಕೂಸಿಗೆಂದು ಅಂಗಡಿಯಲ್ಲಿ ತೊಟ್ಟಿಲು ಕೊಳ್ಳುವಾಗ ಎದುರಾಗುವ ಸಂದೇಹಗಳಿಗೂ ಆ ಉತ್ತರಕ್ಕೂ ನಿಕಟ ಸಂಬಂಧವುಂಟು.

೧

'ತೊಟ್ಟಿಲು' ಅಚ್ಚಗನ್ನಡದ ಮಾತು. ತಮಿಳು ಮಲೆಯಾಳಗಳಲ್ಲಿ ಅದು 'ತೊಟ್ಟಿಲ್'. ತೆಲುಗಿನಲ್ಲಿಯೂ ಅದೇ ಕುಲದ 'ತೊಟ್ಟೆಲ' ಉಂಟು. ಈ ಸೋದರ ಭಾಷೆಗಳು ಒಂದರಿಂದೊಂದು ಬೇರ್ಪಡುವ ಮುನ್ನವೇ ಕೂಸನ್ನು ತೂಗುವ ಸಾಧನಕ್ಕೆ ಹೆಸರು ಹುಟ್ಟಿತ್ತೆಂದು ಊಹಿಸಲು ಇದು ಸಾಕು.

ಹೆಸರು ಒಂದಾದರೂ ವಸ್ತು ಹಲವು ಬಗೆ. ಹೊಲದ ಬದುವಿನ ಮರಕ್ಕೆ ಕಟ್ಟಿದ ಹಳೆಯ ಸೀರೆಯ ಜೋಳಿಗೆ ಕೂಲಿಯವಳ ಕೂಸಿನ ತೊಟ್ಟಿಲು. ಬಿದಿರು ಬೆತ್ತಗಳು ಹೇರಳವಾಗಿರುವಲ್ಲಿ ಹೆಣೆದ ತೊಟ್ಟಿಲು. ಉಳ್ಳವರ ಮನೆಗಳಲ್ಲಿ ಮರದ್ದು. ದೇವರ ಉತ್ಸವಕ್ಕೆ ಬೆಳ್ಳಿಯದು. ಇವೆಲ್ಲಕ್ಕೂ ಸಮಾನವಾದ ಲಕ್ಷಣ ಒಂದು: ಇವು ತೂಗುಹಾಕುವಂಥವು. ನಡುಮನೆಯ ತೊಲೆಗೆ ಬಿಗಿದ ಕಬ್ಬಿಣದ ಕೊಂಡಿಯಿಂದ ಸರಪಣಿಯೋ ಹಗ್ಗವೋ ಇಳಿದು ತೊಟ್ಟಿಲನ್ನು ಹಿಡಿದಿರುತ್ತಿತ್ತು. ನೆಲದ ತೇವ, ಇರುವೆ, ಚೇಳುಗಳಿಂದ ಕೂಸು ದೂರವಾಯಿತು. ತೊಟ್ಟಿಲಿಗೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ತಾಯಿಯು ಒಲೆಯ ಮುಂದೆ ಕುಳಿತೇ ತೂಗಬಹುದಾಗಿತ್ತು. ಹೀಗೆ ತೊಟ್ಟಿಲು ಮನೆಯ ನಡುವೆ, ಎಲ್ಲರ ಕಣ್ಣಿನ ಅಳವಿನಲ್ಲಿ ಇರುತ್ತಿತ್ತೆಂಬುದನ್ನು ಮರೆಯಲಾಗದು. ಮುಂದಿನ ವಿಚಾರವೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ.

೨

ತೊಟ್ಟಿಲನ್ನು ಕೊಳ್ಳುವ ಪದ್ಧತಿಗಿಂತ ಪಡೆಯುವ ಪದ್ಧತಿಯೇ ಹಿಂದೆ ಬಲವಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ. ಹನ್ನೆರಡನೆಯ ಅಥವಾ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಬಳಿಕ ಬಾಣಂತಿಯೊಡನೆ ತವರಿನ ಬಳುವಳಿಯಾಗಿ ತೊಟ್ಟಿಲು ಗಂಡನ ಮನೆಗೆ ಬರುವುದು. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ನಾಮಕರಣದ ದಿನ ಮೊದಲು ತೊಟ್ಟಿಲೇರುವವನು 'ಗುಂಡಪ್ಪ', ಎಂದರೆ ಕೂಸಿನಂತೆ ಬಟ್ಟೆ ಸುತ್ತಿದ ಗುಂಡುಕಲ್ಲು. ಆತನ ಬಳಿಕ ಕೂಸನ್ನು ದೇವರ ಹೆಸರು ಹೇಳುತ್ತ ತೊಟ್ಟಿಲ ಕೆಳಗಿನಿಂದಲೂ ಮೇಲಿನಿಂದಲೂ ಮುತ್ತೈದೆಯರು ಕೈಯಿಂದ ಕೈಗೆ ದಾಟಿಸುತ್ತಾರೆ. ಕಲ್ಲಿನಂತೆ ಕೂಸು ಗಟ್ಟಿಯಾಗಲಿ ಎಂಬ ಹಾರೈಕೆ ಇದರಲ್ಲಿ ಸ್ಪಷ್ಟ. ಕೂಸಿನ ಭಾರವನ್ನು ತಾಳುವುದೇ ತೊಟ್ಟಿಲು ಎಂಬ ಪರೀಕ್ಷೆಯೂ ಇದರಲ್ಲಿ ಅಡಗಿರಬಹುದು.

ಹುಟ್ಟಿದ ಕೂಸು ಉಳಿದೀತೆಂಬ ಭರವಸೆಯಿಲ್ಲದ ಕಾಲವದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಗಾದೆಯು ಹಾಸ್ಯಮಾಡುವುದರ ಹಿಂದೆ ಈ ಭಯವಿದೆ. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ನಿಷೇಧದ ಹಿಂದೆಯೂ ಅದೇ ಭಯ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಸಂತಾನಾಪೇಕ್ಷಿಗಳು ಪುಟ್ಟ ತೊಟ್ಟಿಲುಗಳನ್ನು ಹರಕೆಯಾಗಿ ಒಪ್ಪಿಸುವುದು ಇಂದಿಗೂ ನಡೆದಿದೆ. ಹುಟ್ಟುವ ಮೊದಲು ಕೊಳ್ಳಬಾರದು, ಹುಟ್ಟಿದ ಹನ್ನೆರಡು ದಿನಗಳಲ್ಲಿ ಬೇಕೇಬೇಕು: ಈ ಇಕ್ಕಟ್ಟಿಗೆ ಪರಿಹಾರವೆಂದರೆ ಅಟ್ಟದ ಮೇಲಿನ ಹಳೆಯ ತೊಟ್ಟಿಲು. ನಾಲ್ಕಾರು ಮಕ್ಕಳು ಬೆಳೆದು ಬಾಳಿದ ತೊಟ್ಟಿಲೇ ಶುಭಕರ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಅದು ಸಾಗಬೇಕು. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಡಗಿಯು ಸಾಗುವಾನಿಯನ್ನು ಆರಿಸಿದ್ದು ಒಂದು ಕೂಸಿಗಾಗಿಯಲ್ಲ, ಒಂದು ವಂಶಕ್ಕಾಗಿ.

೩

ಈ ಪರಂಪರೆಯ ಉತ್ಕೃಷ್ಟ ಫಲ ಕಲಘಟಗಿಯ ಬಣ್ಣದ ತೊಟ್ಟಿಲು. ಕಲಘಟಗಿ ಧಾರವಾಡ ಜಿಲ್ಲೆಯ ತಾಲೂಕು ಕೇಂದ್ರ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿದೆ. ಹಳಿಯಾಳ, ಯಲ್ಲಾಪುರಗಳ ಸಾಗುವಾನಿ ಕಾಡು ಅದಕ್ಕೆ ದೂರವಲ್ಲ. ಮರವೂ ಕೊಳ್ಳುವವರೂ ಕೂಡುವ ಇಂತಹ ಅಂಚಿನಲ್ಲಿ ಈ ಕಸಬು ಬೇರೂರಿದ್ದು ಸಹಜ. ಇಲ್ಲಿಯ ಕುಶಲಕರ್ಮಿಗಳು ತೊಟ್ಟಿಲ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಬರೆದು, ಅರಗಿನ ಬಣ್ಣದಿಂದ ಹೊಳಪು ಕೊಡುತ್ತಾರೆ. ಅನ್ಯಮತೀಯರು ಹೇಳಿಸಿದಾಗ ಅವರವರ ಶ್ರದ್ಧೆಗೆ ತಕ್ಕ ಚಿತ್ರ ಬರೆಯುವುದೂ ರೂಢಿ. ಸಿದ್ಧಮಾಡಿ ಅಂಗಡಿಯಲ್ಲಿ ಜೋಡಿಸಿಡುವ ಸರಕಲ್ಲ ಇದು, ಹೇಳಿಸಿ ಮಾಡಿಸುವಂಥದು.

ಧಾರವಾಡ ಜಿಲ್ಲೆ ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಆ ಸೀಮೆಯಿಂದ ಮುಂಬಯಿ ಪುಣೆಗಳಿಗೆ ನೌಕರಿಗೆಂದು ಹೋದವರ ಪಾಲಿಗೆ ಬಳುವಳಿಯ ತೊಟ್ಟಿಲು ತವರಿನ ನಂಟನ್ನು ಉಳಿಸಿದ ವಸ್ತು. ಉಡುಗೊರೆಯ ಪದ್ಧತಿ ಅಳಿದಿಲ್ಲವೆಂಬುದಕ್ಕೆ ೨೦೧೮ರ ಸಂಗತಿಯೊಂದು ಸಾಕ್ಷಿ. ನಟ ಅಂಬರೀಶರು ನಟ ಯಶ್ ದಂಪತಿಯ ಕೂಸಿಗಾಗಿ ಕಲಘಟಗಿಯಲ್ಲಿ ತೊಟ್ಟಿಲು ಹೇಳಿಸಿದ್ದರು. ಆ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡ ಬಳಿಕ ಅದು ಆ ಮನೆಯನ್ನು ಸೇರಿತು.

೪

ಆದರೆ ನಗರದ ಅಂಗಡಿಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಬೇರೊಂದು ವಂಶದ ವಸ್ತು: ನಾಲ್ಕು ಕಾಲು, ಸುತ್ತ ಎತ್ತರದ ಕಂಬಿಗಳುಳ್ಳ, ತೂಗದ ಮಕ್ಕಳ ಮಂಚ. ಇದರ ಚರಿತ್ರೆ ಪಶ್ಚಿಮದ್ದು. ಯುರೋಪಿನಲ್ಲಿಯೂ ಮೊದಲು ತೂಗುವ ತೊಟ್ಟಿಲೇ ಇದ್ದಿತು. ಅದು ನೆಲದ ಮೇಲೆ ಬಾಗುಗಾಲುಗಳ ಮೇಲೆ ಆಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವೈದ್ಯರ ಅಭಿಪ್ರಾಯ ತಿರುಗಿತು. ಅಮೆರಿಕದ ಶಿಶುವೈದ್ಯ ಲೂಥರ್ ಎಮೆಟ್ ಹೋಲ್ಟ್, ೧೮೯೪ರಲ್ಲಿ ಪ್ರಕಟವಾಗಿ ಮನೆಮಾತಾದ ತನ್ನ ಶಿಶುಪಾಲನೆಯ ಕೈಪಿಡಿಯಲ್ಲಿ, ತೂಗುವುದು ಅನಾವಶ್ಯಕವಾದ ರೂಢಿಯೆಂದು ಬೋಧಿಸಿದನು. ಕೂಸು ತನ್ನ ಮಂಚದಲ್ಲಿ, ತನ್ನ ಕೋಣೆಯಲ್ಲಿ, ಒಂಟಿಯಾಗಿ ಮಲಗುವುದು ಸುಶಿಕ್ಷಿತ ಕುಟುಂಬದ ಲಕ್ಷಣವಾಯಿತು.

ಕಣ್ಣಿನ ಕಾವಲು ತಪ್ಪಿದ ಮೇಲೆ ಆ ಕಾವಲನ್ನು ಮರವೇ ವಹಿಸಬೇಕಾಯಿತು. ಕಂಬಿಗಳ ನಡುವಿನ ಸಂದು ಅಗಲವಾದರೆ ಕೂಸಿನ ಮೈ ಅದರಲ್ಲಿ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಇಂತಹ ಮರಣಗಳು ಕಂಡುಬಂದ ಮೇಲೆ ಅಮೆರಿಕದಲ್ಲಿ ೧೯೭೩ರಲ್ಲಿ ನಿಯಮ ರೂಪುಗೊಂಡು, ಆ ಸಂದು ೨ ೩/೮ ಅಂಗುಲವನ್ನು, ಎಂದರೆ ಸುಮಾರು ೬ ಸೆಂಟಿಮೀಟರನ್ನು ಮೀರಕೂಡದೆಂದು ಗೊತ್ತಾಯಿತು. ತಾಯಿಯ ಅನುಕೂಲಕ್ಕೆಂದು ಒಂದು ಪಕ್ಕವನ್ನು ಕೆಳಗಿಳಿಸುವಂತೆ ಮಾಡಿದ ಮಂಚಗಳೂ ಬಂದವು. ತಿರುಪು ಸಡಿಲವಾಗಿ ಪಕ್ಕ ಕಳಚಿದಾಗ ಉಂಟಾದ ಸಂದಿನಲ್ಲಿ ೨೦೦೦ದಿಂದ ಒಂದು ದಶಕದಲ್ಲಿ ಕಡೆಯಪಕ್ಷ ೩೨ ಶಿಶುಗಳು ಅಸುನೀಗಿದವು. ೨೦೧೧ರ ಜೂನಿನಿಂದ ಅವುಗಳ ತಯಾರಿಕೆ ಮಾರಾಟಗಳು ಆ ದೇಶದಲ್ಲಿ ನಿಷಿದ್ಧವಾದವು. ಹತ್ತು ವರ್ಷ ಮೀರಿದ ಹಳೆಯ ಮಂಚವನ್ನು ಬಳಸಬಾರದೆಂದು ಅಲ್ಲಿಯ ಸುರಕ್ಷತಾ ಆಯೋಗವು ಉಪದೇಶಿಸುತ್ತದೆ.

ಇಲ್ಲಿ ಎರಡು ಪರಂಪರೆಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದಕ್ಕೆ ಹಳೆಯದೇ ಶುಭ. ಇನ್ನೊಂದಕ್ಕೆ ಹಳೆಯದೇ ಶಂಕಾಸ್ಪದ. ಒಂದು ಮೂಢನಂಬಿಕೆ, ಇನ್ನೊಂದು ವಿಜ್ಞಾನ ಎಂದು ತೀರ್ಪು ಕೊಡುವುದು ಸುಲಭ, ಆದರೆ ಸಲ್ಲದು. ಹತ್ತು ಕಣ್ಣುಗಳ ನಡುವೆ ತೂಗಿದ ತೊಟ್ಟಿಲಿಗೂ ಇರುಳಿಡೀ ಒಂಟಿಯಾಗಿರುವ ಮಂಚಕ್ಕೂ ಬೇಕಾದ ಗುಣಗಳು ಬೇರೆ ಬೇರೆ.

೫

ಹೊರನಾಡಿನ ಕನ್ನಡಿಗ ಕುಟುಂಬ ಈ ಎರಡರ ನಡುವೆ ನಿಂತಿದೆ. ಕಾಂಕ್ರೀಟಿನ ಮನೆಯಲ್ಲಿ ತೊಲೆಯಿಲ್ಲ. ದುಡಿಯುವ ದಂಪತಿಯ ಮನೆಯಲ್ಲಿ ಹತ್ತು ಕಣ್ಣುಗಳಿಲ್ಲ. ಆದುದರಿಂದ ಅಳತೆಯ ಕಾವಲು ಇಲ್ಲಿಯೂ ಅವಶ್ಯಕ. ಬೆಲೆ, ನಯಗಾರಿಕೆಗಳಿಗಿಂತ ಮೊದಲು ನೋಡತಕ್ಕದ್ದು ಕಂಬಿಯ ಸಂದನ್ನು. ಹಾಸಿಗೆಯು ಗಟ್ಟಿಯಾಗಿ, ಪಕ್ಕದಲ್ಲಿ ಎರಡು ಬೆರಳಿಗಿಂತ ಹೆಚ್ಚು ಎಡೆಯಿಲ್ಲದಂತೆ ಕೂಡುವುದೇ ಎಂಬುದನ್ನು. ಮೆತ್ತೆ, ದಿಂಬುಗಳ ಅಲಂಕಾರ ಉಸಿರಿಗೆ ಅಡ್ಡಿ. ಕೂಸನ್ನು ಬೋರಲಾಗಿ ಮಲಗಿಸಬಾರದೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ ೧೯೯೨ರಲ್ಲಿ ಹೇಳಿತು; ಅಂಗಾತ ಮಲಗಿಸುವ ರೂಢಿ ಹರಡಿದಂತೆ ಅಲ್ಲಿ ನಿದ್ರೆಯಲ್ಲಿಯ ಅಕಾರಣ ಶಿಶುಮರಣಗಳು ಬಹಳವಾಗಿ ತಗ್ಗಿದವು. ಸೀರೆಯ ಜೋಳಿಗೆಯೂ ನಿರಪಾಯವಲ್ಲ. ಅದರಲ್ಲಿ ಆಡಹೋಗಿ ಕೊರಳಿಗೆ ಉರುಳಾದ ದೊಡ್ಡ ಮಕ್ಕಳ ಪ್ರಕರಣಗಳು ಭಾರತದಲ್ಲಿಯೇ ವರದಿಯಾಗಿವೆ.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಹಲ್ಲು ಬರುವ ಕೂಸು ತೊಟ್ಟಿಲ ಅಂಚನ್ನು ಕಚ್ಚದೆ ಬಿಡದು. ಬಣ್ಣದಲ್ಲಿ ಸೀಸವಿದ್ದರೆ ಅದು ಮಿದುಳಿಗೆ ವಿಷ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ ೯೦ನ್ನು ಮೀರಬಾರದೆಂಬ ಭಾರತ ಸರಕಾರದ ನಿಯಮ ೨೦೧೬ರಲ್ಲಿ ಹೊರಟು, ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಎಣ್ಣೆಬಣ್ಣ ಬಳಿದ ತೊಟ್ಟಿಲನ್ನು ಶಂಕಿಸುವುದು ವಿವೇಕ. ಹೊಸದಾಗಿ ಹೇಳಿಸುವವರು ಬಳಸುವ ಬಣ್ಣ ಅರಗಿನದೋ ಡಬ್ಬಿಯದೋ ಎಂದು ಕುಶಲಕರ್ಮಿಯನ್ನೇ ಕೇಳಬಹುದು. ಕೇಳುವ ಗಿರಾಕಿಯಿಂದ ಒಳ್ಳೆಯ ಕಸಬು ಉಳಿಯುತ್ತದೆ.

ಹಾಗೆಂದು ಅಟ್ಟದ ಮೇಲಿನ ತೊಟ್ಟಿಲನ್ನು ಎಸೆಯಬೇಕಾಗಿಲ್ಲ. ಗುಂಡಪ್ಪನನ್ನು ಮಲಗಿಸಲು, ಹೆಸರಿಡಲು, ಹಗಲಿನಲ್ಲಿ ಅಜ್ಜಿಯ ಕಣ್ಣೆದುರು ಕೂಸನ್ನು ತೂಗಲು, ಸಂದು ಬಣ್ಣಗಳ ಪರೀಕ್ಷೆ ಮುಗಿದ ಮೇಲೆ, ಅದು ಇಂದಿಗೂ ತಕ್ಕದ್ದೇ. ಇರುಳಿನ ಒಂಟಿ ನಿದ್ದೆಗೆ ಅಳತೆಗೆ ಒಪ್ಪುವ ಮಂಚ ಬೇಕು. ಹಿಂದಿನವರು ಗುಂಡುಕಲ್ಲನ್ನು ಮೊದಲು ಮಲಗಿಸಿದರು. ಇಂದಿನವರು ಅಳತೆಪಟ್ಟಿಯನ್ನು ಮೊದಲು ಹಿಡಿಯಬೇಕು. ಎರಡೂ ಕೂಸು ಉಳಿಯಲೆಂಬ ಒಂದೇ ಹಂಬಲದಿಂದ ಹುಟ್ಟಿದವು.