ಬ್ರುಸೆಲ್ಲಾ: ಬೆಳಕು ಗುರುತಿಸುವ ರೋಗಾಣು

ಹಸು, ಎಮ್ಮೆಗಳು ಗಬ್ಬದ ಐದನೇ ತಿಂಗಳ ನಂತರ ಕಂದು ಹಾಕುವುದಕ್ಕೆ ಒಂದು ಮುಖ್ಯ ಕಾರಣ ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾ. ಹಸಿ ಹಾಲಿನಿಂದ, ಮಾಸು ಮುಟ್ಟಿದ ಕೈಯಿಂದ ಮನುಷ್ಯರಿಗೂ ಅಂಟಿ, ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಕಣ್ಣಿಲ್ಲದ ಈ ಜೀವಿ ಬೆಳಕನ್ನು ಗುರುತಿಸುತ್ತದೆಂದು ಅಮೆರಿಕ ಹಾಗೂ ಅರ್ಜೆಂಟೀನಾದ ವಿಜ್ಞಾನಿಗಳು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಈ ಕೆಲಸ ಮಾಡುವುದು ಒಂದು ಪ್ರೋಟೀನು. ಅದರ ಒಂದು ಭಾಗಕ್ಕೆ 'ಎಲ್ಓವಿ' ಎಂದು ಹೆಸರು. ಗಿಡಗಳು ಬೆಳಕಿನತ್ತ ಬಾಗುವುದೂ ಇಂಥದೇ ಭಾಗದಿಂದ. ಅದರ ಮಡಿಕೆಯೊಳಗೆ ಬಿ2 ಜೀವಸತ್ವದಿಂದಾದ ಹಳದಿ ಫ್ಲೇವಿನ್ ಕೂತಿರುತ್ತದೆ. ನೀಲಿ ಬೆಳಕು ಬಿದ್ದೊಡನೆ ಅದು ಪಕ್ಕದ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಬೆಸೆದುಕೊಳ್ಳುತ್ತದೆ. ಪ್ರೋಟೀನಿನ ಆಕಾರ ಕೊಂಚ ಬದಲಾಗಿ, ಇನ್ನೊಂದು ತುದಿಯ ಹಿಸ್ಟಿಡಿನ್ ಕೈನೇಸ್ ಎಚ್ಚೆತ್ತು ತನಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಅದನ್ನು ಮುಂದಿನ ಪ್ರೋಟೀನಿಗೆ ದಾಟಿಸುವುದೇ ಸಂದೇಶ. ಗಿಡಗಳಲ್ಲಿ ಈ ಬೆಸುಗೆ ಕತ್ತಲಲ್ಲಿ ಬಿಟ್ಟುಕೊಳ್ಳುತ್ತದೆ. ಬ್ರುಸೆಲ್ಲಾದಲ್ಲಿ ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಒಮ್ಮೆ ಕಂಡ ಬೆಳಕನ್ನು ಅದು ಮರೆಯುವುದಿಲ್ಲ ಎನ್ನಬೇಕು.

ಪ್ರಯೋಗದಲ್ಲಿ ಕತ್ತಲಲ್ಲಿಟ್ಟ ರೋಗಾಣು ದೇಹದ ರಕ್ಷಕ ಕೋಶಗಳೊಳಗೆ ಬೆಳೆದದ್ದು, ಬೆಳಕು ಕಂಡದ್ದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಕಂದು ಹಾಕಿದಾಗ ರೋಗಾಣು ಕತ್ತಲ ಗರ್ಭದಿಂದ ಬಯಲಿಗೆ ಬೀಳುತ್ತದೆ. ಮುಂದಿನ ದನವನ್ನು ಹಿಡಿಯಲು ಬೆಳಕೇ ಅದಕ್ಕೆ ಸೂಚನೆ ಇರಬಹುದೆಂದು ಸಂಶೋಧಕರ ಊಹೆ.

ಹಾಗೆಂದು ಕೊಟ್ಟಿಗೆ ಕತ್ತಲು ಮಾಡಬೇಕಿಲ್ಲ! ನೇರ ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ. ಮಾಸನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಹಾಲು ಕಾಯಿಸಿಯೇ ಕುಡಿಯಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಲಸಿಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿದೆ.