ಕೆರೆಯ ಹೊಣೆ: ಬಿತ್ತುವಟ್ಟದಿಂದ ಬಡಾವಣೆಯ ಸಂಘದವರೆಗೆ

ನಗರದ ನಿವಾಸಿಗಳು ಸ್ವಂತ ಇಚ್ಛೆಯಿಂದ ಸಂಘ ಕಟ್ಟಿಕೊಂಡು ತಮ್ಮ ಬಡಾವಣೆಯ ಸುಧಾರಣೆಗೆ ತೊಡಗುವುದು ತೀರ ಈಚಿನ ಪದ್ಧತಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೆರೆಗಳ ಚರಿತ್ರೆಯನ್ನು ಪರಿಶೀಲಿಸಿದಲ್ಲಿ ಈ ಭಾವನೆ ಭಾಗಶಃ ಮಾತ್ರ ಸರಿಯೆಂದು ಕಂಡುಬರುತ್ತದೆ.

ಅಂತರಘಟ್ಟೆಯನ್ನೊಳಗೊಂಡ ಕಡೂರು-ಅಜ್ಜಂಪುರ ಸೀಮೆಯ ಬಯಲು ಭಾಗವು ಮಳೆಯ ನೀರನ್ನು ಕೆರೆಕಟ್ಟೆಗಳಲ್ಲಿ ಹಿಡಿದಿಟ್ಟು ಬಾಳಿದ ನಾಡು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯು ಇಂಥ ನಿರ್ಮಾಣಗಳಲ್ಲಿ ಹೆಸರಾದುದು. ಕೆರೆಯನ್ನು ಕಟ್ಟಿಸಿದವನು ಅರಸನೋ ಸಾಮಂತನೋ ಇರಬಹುದು. ಅದನ್ನು ಉಳಿಸಿಕೊಂಡವರು ಊರಿನವರು. ಮಧ್ಯಯುಗದ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಪದಗಳು ಕೆರೆಯ ಪೋಷಣೆಗಾಗಿ ಬಿಟ್ಟ ಭೂಮಿಯನ್ನೂ ಆದಾಯವನ್ನೂ ಸೂಚಿಸುತ್ತವೆ. ಹೂಳು ಸಾಗಿಸುವ ಬಂಡಿಗಳಿಗೆಂದೇ ದತ್ತಿ ಬಿಟ್ಟ ನಿದರ್ಶನಗಳೂ ಉಂಟು. ತೂಬು ನೋಡಿಕೊಳ್ಳುವ ನೀರುಗಂಟಿಗೆ ಬೆಳೆಯಲ್ಲಿ ಪಾಲು ಸಲ್ಲುತ್ತಿತ್ತು. ನೀರನ್ನು ಉಂಡವರೇ ನೀರಿನ ಹೊಣೆಯನ್ನು ಹೊತ್ತಿದ್ದರು. ಆದರೂ ಇದನ್ನು ಸಮಾನತೆಯ ಮಾದರಿಯೆಂದು ಬಣ್ಣಿಸಲಾಗದು. ಏರಿಯ ಮೇಲೆ ಮಣ್ಣು ಹೊತ್ತವರೆಲ್ಲರಿಗೂ ಕೆರೆಯ ಕೆಳಗೆ ಗದ್ದೆಯಿರಲಿಲ್ಲ.

19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಕೆರೆಗಳ ಮೇಲೆ ಸರ್ಕಾರದ ಇಲಾಖೆಗಳ ಹಿಡಿತ ಬಲವಾಯಿತು. ಊರಿನ ಪಾತ್ರ ಕ್ಷೀಣಿಸಿತು. 1911ರ ಕೆರೆ ಪಂಚಾಯತಿ ಶಾಸನವು ಆ ಹೊಣೆಯನ್ನು ಕಾನೂನಿನ ಮೂಲಕ ಗ್ರಾಮಸ್ಥರಿಗೆ ಮರಳಿಸಲು ಮಾಡಿದ ಪ್ರಯತ್ನ. ಬೆಂಗಳೂರಿನಲ್ಲಿಯಾದರೋ ಪರಿಣಾಮ ಇನ್ನೂ ತೀವ್ರವಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಲ್ಲಿಯ ನೀರು ಬಂದಂತೆ, ನಗರದೊಳಗಿನ ಕೆರೆಗಳನ್ನು ನಂಬಿದವರು ಕಡಮೆಯಾದರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಬಹುಭಾಗ ಕ್ರೀಡಾಂಗಣವಾಯಿತು.

ಈ ಹಿನ್ನೆಲೆಯಲ್ಲಿ ಜೆ. ಪಿ. ನಗರ 7ನೆಯ ಹಂತದ ಪುಟ್ಟೇನಹಳ್ಳಿಯ ಪ್ರಯತ್ನವನ್ನು ನೋಡಬೇಕು. ಸುಮಾರು 13 ಎಕರೆಯ ಈ ಕೆರೆ ಒಣಗಿ ಕಸದ ತಿಪ್ಪೆಯಾಗುತ್ತಿದ್ದಾಗ, 2008ರ ಸುಮಾರಿಗೆ ನೆರೆಯ ನಿವಾಸಿಗಳು ಒಂದುಗೂಡಿದರು. 2010ರಲ್ಲಿ ಟ್ರಸ್ಟ್ ರಚಿಸಿಕೊಂಡರು. ಪಾಲಿಕೆ ಹೂಳೆತ್ತಿಸಿ ಏರಿಯನ್ನು ಸರಿಪಡಿಸಿತು. 2011ರಲ್ಲಿ ಒಪ್ಪಂದದ ಮೂಲಕ ಕೆರೆಯ ನಿರ್ವಹಣೆ ಟ್ರಸ್ಟಿಗೆ ಬಂದಿತು. ಗಿಡ ನೆಡುವುದು, ಕಳೆ ತೆಗೆಯುವುದು, ದೇಣಿಗೆ ಕೂಡಿಸುವುದು ಸ್ವಯಂಸೇವಕರ ಕಾರ್ಯವಾಯಿತು. ಮಳೆಯೊಂದರಿಂದಲೇ ಕೆರೆ ತುಂಬದ ಕಾರಣ, ಸಮೀಪದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ಬಳಕೆ ನೀರನ್ನೂ ಅದಕ್ಕೆ ಹರಿಸಲಾಯಿತು. ಹಕ್ಕಿಗಳು ಮರಳಿದುವು.

ಹಳೆಯ ಊರಿಗೂ ಹೊಸ ಸಂಘಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುತ್ತದೆ. ಊರಿನವರನ್ನು ಗದ್ದೆ ಕೆರೆಗೆ ಕಟ್ಟಿಹಾಕಿತ್ತು. ಬಡಾವಣೆಯವರನ್ನು ಕಟ್ಟಿರುವುದು ಅಭಿಮಾನವೊಂದೇ. ಗದ್ದೆ ವರ್ಷವರ್ಷವೂ ನೀರನ್ನು ಕೇಳುತ್ತದೆ, ಅಭಿಮಾನ ಬಳಲಬಹುದು. ಅಲ್ಲದೆ ಬೆಂಗಳೂರಿನ ಕೆರೆಗಳನ್ನು ಅಭ್ಯಸಿಸಿದ ಹರಿಣಿ ನಾಗೇಂದ್ರ ಮೊದಲಾದ ವಿದ್ವಾಂಸರು, ಜೀರ್ಣೋದ್ಧಾರವಾದ ಕೆರೆಗಳಿಂದ ದನ ಮೇಯಿಸುವವರೂ ಬಟ್ಟೆ ಒಗೆಯುವವರೂ ದೂರವಾದುದನ್ನು ತೋರಿಸಿದ್ದಾರೆ. ಏರಿಯ ಮೇಲೆ ವಾಯುವಿಹಾರದ ಹಾದಿಯಾದಾಗ, ಹುಲ್ಲು ಕೊಯ್ಯುವವಳಿಗೆ ದಾರಿ ಮುಚ್ಚಿಹೋಗುವ ಅಪಾಯವುಂಟು.

ಆದುದರಿಂದ ಇಂಥ ಸಂಘಗಳ ಸಾಧನೆಯನ್ನು ನೀರಿನ ಮಟ್ಟದಿಂದ ಮಾತ್ರ ಅಳೆಯಬಾರದು. ಕೆರೆಯನ್ನು ಉಳಿಸುವ ಹೊಣೆಯೊಡನೆ ಕೆರೆಯ ಮೇಲಣ ಹಕ್ಕೂ ಎಷ್ಟು ಮಂದಿಗೆ ಹಂಚಿಹೋಯಿತು ಎಂಬುದೇ ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ಈ ಪ್ರಶ್ನೆಗೆ ಬಿತ್ತುವಟ್ಟದ ಕಾಲವೂ ಪೂರ್ಣ ಉತ್ತರ ಕೊಟ್ಟಿರಲಿಲ್ಲ. ಹೊಸ ಸಂಘಗಳಿಗೆ ಅದನ್ನು ಕೊಡುವ ಅವಕಾಶವಿದೆ.