ಕೇಳದೇ ಬಾಗಿಲಿಗೆ ಬೀಳುವ ಪುಕ್ಕಟೆ ಪೇಪರ್: ಬೇಡ ಅನ್ನೋದು ಹೇಗೆ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ರೊಕ್ಕ ಕೊಟ್ಟು ತರಿಸುವ ಪೇಪರ್ ಎರಡು. ಒಂದು ಕನ್ನಡ, ಒಂದು ಮರಾಠಿ. ಮೂರನೆಯದು ಒಂದು ದಿನ ತಾನಾಗಿಯೇ ಬಂತು. ನಾಲ್ಕು ಪುಟ, ಅರ್ಧ ಜಾಹೀರಾತು, ಇನ್ನರ್ಧದಲ್ಲಿ ಒಬ್ಬರೇ ಮುಖಂಡರ ಏಳೆಂಟು ಫೋಟೊ. ಎರಡು ವಾರ ನೋಡಿ, ಪೇಪರ್ ಹಾಕುವ ಹುಡುಗನನ್ನು ಗೇಟಿನ ಹತ್ತಿರ ನಿಲ್ಲಿಸಿದೆ.

“ತಮ್ಮಾ, ಇದನ್ನ ನಾವು ಹಚ್ಚಿಲ್ಲ. ನಮಗ ಬ್ಯಾಡ.”

“ನನಗೇನ್ ಗೊತ್ರಿ ಅಕ್ಕಾರ, ಈ ಲೈನಿನ ಎಲ್ಲಾ ಮನಿಗೂ ಒಗಿ ಅಂದಾರ. ರೊಕ್ಕ ಏನಿಲ್ರಿ, ಇರ್ಲಿ ಬಿಡ್ರಿ.”

ಎರಡು ತಿಂಗಳಾದ ಮೇಲೆ ಬೇರೊಬ್ಬರು ಬಿಲ್ ಹಿಡಿದುಕೊಂಡು ಬಂದರು. ಆಗ ಕೂತು ಕಾನೂನು ಓದಿದೆ. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಪುಕ್ಕಟೆ ಯಾಕೆ ಕೊಡ್ತಾರೆ?

ಪೇಪರಿನ ಗಳಿಕೆಯ ದೊಡ್ಡ ಪಾಲು ಜಾಹೀರಾತಿನದು. ಜಾಹೀರಾತಿನ ದರ ನಿಂತಿರುವುದು ಎಷ್ಟು ಮನೆ ಮುಟ್ಟುತ್ತದೆ ಅನ್ನೋದರ ಮೇಲೆ. ಈ ಲೆಕ್ಕವನ್ನೇ ಹಿಡಿದು 1995ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ‘ಮೆಟ್ರೊ’ ಎಂಬ ಪುಕ್ಕಟೆ ದಿನಪತ್ರಿಕೆ ಶುರುವಾಯಿತು, ಆಮೇಲೆ ಹತ್ತಾರು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ಚೆನ್ನೈನ ಅಡ್ಯಾರ್, ಮಾಂಬಲಂ ಕಡೆ ಬಡಾವಣೆಯ ಸುದ್ದಿ ಕೊಡುವ ಪುಕ್ಕಟೆ ವಾರಪತ್ರಿಕೆಗಳಿವೆ. ನೀರು ಬರದ ಓಣಿ, ಕೆಟ್ಟ ರಸ್ತೆ, ಹೊಸ ಅಂಗಡಿ ಎಲ್ಲ ಅದರಲ್ಲಿರುತ್ತೆ. ಹಾಗಾಗಿ ಪುಕ್ಕಟೆ ಅಂದ ಕೂಡಲೇ ಕೆಟ್ಟದ್ದು ಅನ್ನುವಂತಿಲ್ಲ.

ಬಾಗಿಲಿಗೆ ಬೀಳುವುದರಲ್ಲಿ ಮೂರು ಬಗೆ ಇದೆ. ಒಂದು, ಜಾಹೀರಾತಿನ ಮೇಲೆ ಬದುಕುವ ಸ್ಥಳೀಯ ಪತ್ರಿಕೆ. ಎರಡು, ಚಂದಾ ಹಿಡಿಯಲು ಕೆಲ ದಿನ ಬಿಟ್ಟಿ ಹಾಕುವ ಪತ್ರಿಕೆ. ಮೂರು, ಪತ್ರಿಕೆಯ ವೇಷ ಹಾಕಿದ ಪ್ರಚಾರದ ಕರಪತ್ರ. ಮೂರಕ್ಕೂ ಒಂದೇ ಮದ್ದು ಇಲ್ಲ.

ಮೊದಲು ಕೊನೆಯ ಪುಟ ನೋಡಿ

ಪತ್ರಿಕೆಯ ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಇದನ್ನು ಕಡ್ಡಾಯ ಮಾಡಿದ್ದು ಬ್ರಿಟಿಷರ 1867ರ ಕಾಯ್ದೆ. ಅದರ ಜಾಗಕ್ಕೆ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ, 2023 ಬಂದಿದೆ. 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸುದ್ದಿ ಅಥವಾ ಸುದ್ದಿಯ ಮೇಲಿನ ಅಭಿಪ್ರಾಯ ಹೊತ್ತು ನಿಯಮಿತವಾಗಿ ಬರುವ ಪತ್ರಿಕೆಗೆ ನೋಂದಣಿ ಬೇಕೇ ಬೇಕು, ಪುಕ್ಕಟೆ ಹಂಚಿದರೂ ಅಷ್ಟೇ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಟಿಳಕರು 1881ರಲ್ಲಿ ‘ಕೇಸರಿ’ ಶುರುಮಾಡಿದವರಲ್ಲಿ ಒಬ್ಬರು. ಅದರಲ್ಲಿ ಬಂದ ಬರಹಗಳ ಹೊಣೆ ಹೊತ್ತು 1897ರಲ್ಲಿ ಮತ್ತು 1908ರಲ್ಲಿ ರಾಜದ್ರೋಹದ ಶಿಕ್ಷೆ ಅನುಭವಿಸಿದರು. ಬರೆದದ್ದಕ್ಕೆ ಯಾರು ಹೊಣೆ ಅಂತ ಹೇಳುವ ಹೆಸರು ಆಗ ಸರ್ಕಾರಕ್ಕೆ ಬೇಕಿತ್ತು. ಈಗ ಓದುಗರಿಗೆ ಬೇಕು. ಆ ಸಾಲೇ ಇಲ್ಲದ ಹಾಳೆಯನ್ನು ಪತ್ರಿಕೆ ಅಂತ ನಂಬಬೇಡಿ.

ಬಿಲ್ ಬಂದರೆ?

‘ಮೌನಂ ಸಮ್ಮತಿ ಲಕ್ಷಣಂ’ ಅನ್ನೋದು ಗಾದೆಗೆ ಸರಿ, ಒಪ್ಪಂದದ ಕಾನೂನಿಗೆ ಸರಿಯಲ್ಲ. ನೀವು ಸುಮ್ಮನಿದ್ದ ಮಾತ್ರಕ್ಕೆ ಚಂದಾದಾರರಾಗುವುದಿಲ್ಲ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಭಾರತೀಯ ಕರಾರು ಕಾಯ್ದೆ, 1872ರ 70ನೇ ಕಲಮಿನ ಪ್ರಕಾರ, ಪುಕ್ಕಟೆ ಕೊಡುವ ಉದ್ದೇಶವಿಲ್ಲದೆ ಒಬ್ಬರು ಕೊಟ್ಟ ವಸ್ತುವಿನ ಲಾಭವನ್ನು ನೀವು ಪಡೆದರೆ, ಪರಿಹಾರ ಕೊಡಬೇಕು ಇಲ್ಲವೇ ವಸ್ತು ಮರಳಿಸಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ವ್ಯಾಪಾರಿ ತಪ್ಪಿ ನಿಮ್ಮ ಮನೆಯಲ್ಲಿ ಸಾಮಾನು ಬಿಟ್ಟುಹೋದ, ನೀವು ಅದನ್ನು ನಿಮ್ಮದೇ ಎಂಬಂತೆ ಬಳಸಿದಿರಿ, ಆಗ ದುಡ್ಡು ಕೊಡಬೇಕು. ಪುಕ್ಕಟೆ ಅಂತ ಹೇಳಿಯೇ ಹಾಕಿದ ಪೇಪರಿಗೆ ಈ ಕಲಮು ಅನ್ವಯಿಸುವುದಿಲ್ಲ. ಆದರೂ ದಿನಾ ಓದಿ, ತಿಂಗಳ ಕೊನೆಗೆ ‘ನಾವು ಹಚ್ಚೇ ಇಲ್ಲ’ ಅಂತ ಜಗಳಕ್ಕೆ ನಿಂತರೆ ನಿಮ್ಮ ವಾದ ಸಪ್ಪೆಯಾಗುತ್ತೆ. ಬೇಡ ಅನ್ನೋದನ್ನ ಮೊದಲ ವಾರವೇ ಹೇಳಿ, ಹೇಳಿದ್ದಕ್ಕೆ ಗುರುತು ಇಟ್ಟುಕೊಳ್ಳಿ.

ನಿಲ್ಲಿಸುವ ದಾರಿ

ಹಾಕುವ ಹುಡುಗನ ಮೇಲೆ ಕೂಗಾಡಬೇಡಿ. ನಸುಕಿನಲ್ಲೇ ಎದ್ದು ಸೈಕಲ್ ತುಳಿಯುವ ಅವನಿಗೆ ಲೈನ್ ಕೊಟ್ಟವರು ಏಜೆಂಟರು. ಅವನಿಂದ ಏಜೆಂಟರ ನಂಬರ್ ಕೇಳಿ ಫೋನ್ ಮಾಡಿ. ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳಿಸಿ: ಮನೆ ನಂಬರ್, ತಾರೀಖು, ‘ಈ ಪತ್ರಿಕೆ ನಮಗೆ ಬೇಡ, ಹಾಕಿದರೆ ಹಣ ಕೊಡುವುದಿಲ್ಲ’. ಅದೂ ನಡೆಯದಿದ್ದರೆ ಕೊನೆಯ ಪುಟದಲ್ಲಿರುವ ಪ್ರಕಾಶಕರ ವಿಳಾಸಕ್ಕೆ ಪತ್ರ ಹಾಕಿ. ಗೇಟಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಚೀಟಿ ಅಂಟಿಸಿ. ಅಂಚೆಯಲ್ಲಿ ಬಂದರೆ ಒಡೆಯದೆ ‘ನಿರಾಕರಿಸಲಾಗಿದೆ’ ಎಂದು ಬರೆದು ಅಂಚೆಯವರ ಕೈಗೇ ಮರಳಿಸಿ. ಹಣಕ್ಕಾಗಿ ಪೀಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ಮಾತು. ಊರಿಗೆ ಹೋದಾಗ ನಿಮ್ಮ ಪೇಪರನ್ನು ನೀವು ನಿಲ್ಲಿಸಿರುತ್ತೀರಿ, ಪುಕ್ಕಟೆಯದು ಮಾತ್ರ ಗೇಟಿನೊಳಗೆ ಗುಡ್ಡೆಯಾಗಿರುತ್ತೆ. ಮನೆಯಲ್ಲಿ ಯಾರೂ ಇಲ್ಲ ಅಂತ ಕಳ್ಳರಿಗೆ ಬೋರ್ಡ್ ಹಾಕಿದ ಹಾಗೆ. ಪಕ್ಕದ ಮನೆಯವರಿಗೆ ಎತ್ತಿಡಲು ಹೇಳಿ ಹೋಗಿ.

ಕೂಡಿಬಿದ್ದ ಪೇಪರ್ ರದ್ದಿಗೆ ಹೋಗಲಿ. ಹಸಿ ಕಸದ ಜೊತೆ ಬೆರೆತರೆ ಅದು ತುರಮುರಿಯ ಕಸದ ಡಿಪೊಗೇ ಸೇರುತ್ತೆ. ಭಜಿ ಅಂಗಡಿಗೆ ಮಾತ್ರ ಕೊಡಬೇಡಿ: ಆಹಾರ ಪೊಟ್ಟಣದ 2018ರ ನಿಯಮಗಳು ತಿಂಡಿಯನ್ನು ಪೇಪರಿನಲ್ಲಿ ಕಟ್ಟುವುದನ್ನು ನಿಷೇಧಿಸಿವೆ, ಯಾಕಂದ್ರೆ ಮಸಿಯಲ್ಲಿರುವ ರಾಸಾಯನಿಕ ಎಣ್ಣೆಗೆ ಇಳಿಯುತ್ತೆ.

ಫೋನಿಗಿರುವ ಡಿಎನ್‌ಡಿ ಬಾಗಿಲಿಗಿಲ್ಲ

ಜಾಹೀರಾತಿನ ಕರೆ ಬೇಡ ಅಂದ್ರೆ 1909ಕ್ಕೆ ಹೇಳಬಹುದು. ಬಾಗಿಲಿಗೆ ಬೀಳುವ ಕಾಗದಕ್ಕೆ ಇಂಥ ಪಟ್ಟಿ ನಮ್ಮಲ್ಲಿಲ್ಲ. ಆಮ್‌ಸ್ಟರ್‌ಡ್ಯಾಮ್ ನಗರ 2018ರಿಂದ ಲೆಕ್ಕವನ್ನೇ ತಿರುಗಿಸಿತು. ಅಲ್ಲಿ ‘ಬೇಕು’ ಎಂಬ ಚೀಟಿ ಅಂಟಿಸಿದ ಮನೆಗೆ ಮಾತ್ರ ಜಾಹೀರಾತಿನ ಕಾಗದ ಹಾಕಬಹುದು. ಸ್ಥಳೀಯ ಸುದ್ದಿಯ ಪುಕ್ಕಟೆ ಪತ್ರಿಕೆಗೆ ಮಾತ್ರ ವಿನಾಯಿತಿ: ಬೇಡ ಅಂತ ಅಂಟಿಸುವವರೆಗೆ ಅದು ಬರುತ್ತೆ. ಸುದ್ದಿಯನ್ನೂ ಜಾಹೀರಾತನ್ನೂ ಬೇರೆ ಬೇರೆ ತೂಗಿದ ಈ ನಿಯಮ ನನಗೆ ಸರಿ ಅನ್ನಿಸುತ್ತೆ. ನಮ್ಮ ಪಾಲಿಕೆ ಸದಸ್ಯರ ಮುಂದೆ ಇಡಬಹುದಾದ ಬೇಡಿಕೆ ಇದು.

ಚುನಾವಣೆ ಹೊತ್ತಿನಲ್ಲಿ

ಮೂರನೇ ಬಗೆಯ ‘ಪತ್ರಿಕೆ’ ಹೆಚ್ಚು ಅಪಾಯ ಮಾಡುವುದು ಈಗ. ಜನತಾ ಪ್ರಾತಿನಿಧ್ಯ ಕಾಯ್ದೆ, 1951ರ 127ಎ ಕಲಮಿನ ಪ್ರಕಾರ, ಅಭ್ಯರ್ಥಿಯ ಪರವಾಗಿಯೋ ವಿರುದ್ಧವಾಗಿಯೋ ಹಂಚುವ ಮುದ್ರಿತ ಕಾಗದದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇರಲೇಬೇಕು. ಇಲ್ಲದಿದ್ದರೆ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಇದು ಅನ್ವಯ. ಮತದಾನದ ದಿನ ಮತ್ತು ಅದರ ಹಿಂದಿನ ದಿನ ಪತ್ರಿಕೆಯಲ್ಲಿ ರಾಜಕೀಯ ಜಾಹೀರಾತು ಹಾಕಲು ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಕಾಸಿಗಾಗಿ ಸುದ್ದಿಯ ದೂರನ್ನೂ ಜಿಲ್ಲೆಯ ಇದೇ ಸಮಿತಿ ನೋಡುತ್ತೆ.

ಇಂಥದ್ದು ಸಿಕ್ಕರೆ ಹರಿದು ಒಗೆಯಬೇಡಿ. ಎಲ್ಲ ಪುಟಗಳ ಫೋಟೊ ತೆಗೆದು, ಸಿಕ್ಕ ದಿನ, ಸಮಯ ಬರೆದಿಟ್ಟು, ಸಿ-ವಿಜಿಲ್ ಆ್ಯಪ್‌ನಲ್ಲಿ ಅಥವಾ ಜಿಲ್ಲಾ ಚುನಾವಣಾಧಿಕಾರಿಗೆ ದೂರು ಕೊಡಿ. ನೋಂದಾಯಿತ ಪತ್ರಿಕೆಯಲ್ಲಿ ಸುಳ್ಳು ಬಂದಿದ್ದರೆ ಮೊದಲು ಸಂಪಾದಕರಿಗೆ ಬರೆಯಿರಿ. ಉತ್ತರ ಸರಿ ಇಲ್ಲದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಿ. ದಿನಪತ್ರಿಕೆ, ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾಗಿ 2 ತಿಂಗಳೊಳಗೆ ದೂರು ಕೊಡಬೇಕು.

ನಮ್ಮ ಮನೆಯ ಬಿಲ್ ಕಥೆ ಮುಗಿಯಿತು. ಏಜೆಂಟರಿಗೆ ಬರೆದು ಕಳಿಸಿದ ಮೇಲೆ ಪೇಪರ್ ನಿಂತಿತು, ರೊಕ್ಕ ಕೇಳೋದೂ ನಿಂತಿತು. ಆದರೆ ಆ ಲೈನಿನ ಉಳಿದ ಮನೆಗಳಿಗೆ ಅದು ಇನ್ನೂ ಬೀಳುತ್ತಿದೆ, ಅದೇ ಮುಖಂಡರ ಫೋಟೊ ಹೊತ್ತುಕೊಂಡು. ಬೇರೆ ಪೇಪರ್ ತರಿಸದ ಮನೆಗೆ ಅದೇ ಊರಿನ ಸುದ್ದಿ. ಆದ್ದರಿಂದ ನಿಮ್ಮ ಗೇಟಿಗೆ ಚೀಟಿ ಅಂಟಿಸಿದ ಮೇಲೆ ಪಕ್ಕದ ಮನೆಗೂ ಹೋಗಿ, ಕೊನೆಯ ಪುಟದ ಆ ಸಣ್ಣ ಸಾಲು ಎಲ್ಲಿದೆ ಅಂತ ತೋರಿಸಿ ಬನ್ನಿ.